ಕಪಾಟಿನ ಕೀಲಿ

(ಶ್ರೀಮಠದಲ್ಲಿ ಹೋಳಿ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಂದು ಪ್ರೌಢಶಾಲೆಯ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದಾಗ ನಾನು ಹಿಂಜರಿದೆ. ವಚನಗಳ ಅರ್ಥ ಬಿಡಿಸಿ ಹೇಳುವಷ್ಟು ಓದು ನನ್ನದಲ್ಲ. ಸಮಾಜಶಾಸ್ತ್ರ ಕಲಿಸುವ ಮಾಸ್ತರ ನಾನು. ನಿವೃತ್ತಿಗೆ ಇನ್ನೆರಡು ವರ್ಷ. ಅದನ್ನೇ ಬಿನ್ನವಿಸಿಕೊಂಡಾಗ ಪೂಜ್ಯರು, ‘ನಿಮ್ಮ ಹತ್ತಿರ ಶಾಲೆಯ ಪುಸ್ತಕದ ಕಪಾಟುಗಳ ಕೀಲಿಕೈ ಇದೆಯಲ್ಲ, ಅದರ ಬಗ್ಗೆಯೇ ಹೇಳಿರಿ’ ಎಂದರು. ಹೀಗಾಗಿ ಇವತ್ತು ಕಪಾಟಿನ ಮಾತು.

ಗ್ರಂಥಾಲಯದ ಚಾರ್ಜು ನನಗೆ ಬಂದು 19 ವರ್ಷವಾಯಿತು. ‘ಬಂತು’ ಎನ್ನುವುದಕ್ಕಿಂತ ‘ಕೊರಳಿಗೆ ಬಿತ್ತು’ ಎಂದರೆ ಸರಿ. ನಮ್ಮ ಕಡೆಯ ಬಹಳಷ್ಟು ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆ ಎಂಬುದಿಲ್ಲ. ಯಾರಾದರೂ ಒಬ್ಬ ಮಾಸ್ತರನಿಗೆ ಒಂದು ರಜಿಸ್ಟರು, ನಾಲ್ಕು ಕೀಲಿಕೈ ಕೊಟ್ಟು ಸಹಿ ಹಾಕಿಸಿಕೊಂಡರೆ ಅವನೇ ಗ್ರಂಥಪಾಲಕ. ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ನಾಲ್ಕು ಕಬ್ಬಿಣದ ಕಪಾಟುಗಳು ಹೆಡ್‌ಮಾಸ್ತರ ಕೋಣೆಯ ಗೋಡೆಗೆ ಒರಗಿ ನಿಂತಿದ್ದವು. ಒಂದರ ಮೇಲೆ ವಾಲಿಬಾಲ್ ನೆಟ್ಟು, ಇನ್ನೊಂದರ ಮೇಲೆ ಹಳೇ ಪರೀಕ್ಷೆಯ ಉತ್ತರಪತ್ರಿಕೆ. ಚಾರ್ಜು ಬಿಟ್ಟುಕೊಟ್ಟ ಹಿರಿಯರು ಒಂದೇ ಬುದ್ಧಿವಾದ ಹೇಳಿದರು: ‘ಪುಸ್ತಕ ಕೊಟ್ರ ಹೋಗ್ತಾವ, ಕೊಡದಿದ್ರ ಇರ್ತಾವ. ಹೋದ್ರ ನಿನ್ನ ಪಗಾರದಾಗ ಕಟ್ಟಬೇಕು.’

ನಾನು ಆ ಮಾತನ್ನು ಆರು ವರ್ಷ ಪಾಲಿಸಿದೆ. ಒಂದು ಪುಸ್ತಕವೂ ಹೋಗಲಿಲ್ಲ. ತಪಾಸಣೆಗೆ ಬಂದ ಸಾಹೇಬರು ರಜಿಸ್ಟರು ತಿರುವಿ, ಗ್ರಂಥಾಲಯ ಸುಸ್ಥಿತಿಯಲ್ಲಿದೆ ಎಂದು ಬರೆದು ಹೋದರು. ಏಳನೆಯ ವರ್ಷದ ಮಳೆಗಾಲದಲ್ಲಿ ಗೋಡೆಗೆ ತಂಪು ಏರಿತು. ಜವಾನ ಓಡಿ ಬಂದು, ‘ಸರ, ಒರಲಿ ಹತ್ತೇತ್ರಿ’ ಎಂದ. ಕೀಲಿ ತೆಗೆದರೆ ಕೆಳಗಿನ ಎರಡು ಖಾನೆ ಮಣ್ಣು. ಆರು ವರ್ಷದಲ್ಲಿ ಆ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮುಗಿಸಿದವು ಗೆದ್ದಲುಗಳು ಮಾತ್ರ. ಮಣ್ಣು ಕೆರೆದು ನೋಡಿದಾಗ ಸಿಕ್ಕ ರಟ್ಟುಗಳಲ್ಲಿ ಒಂದು ವಚನ ಸಂಪುಟದ್ದು.

ಬಂಧುಗಳೇ, ಬಸವ ಜಯಂತಿಗೆ ನಾವು ವಚನದ ಕಟ್ಟನ್ನು ಪಲ್ಲಕ್ಕಿಯಲ್ಲಿಟ್ಟು ಊರ ತುಂಬ ಮೆರೆಸುತ್ತೇವೆ. ಆ ವರ್ಷ ಮೆರವಣಿಗೆಯಲ್ಲಿ ಪಲ್ಲಕ್ಕಿಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಅದೇ ಹೊತ್ತಿನಲ್ಲಿ ನನ್ನ ಕೀಲಿಯ ಒಳಗೆ ಏನು ನಡೆದಿತ್ತು ಎಂಬುದು ನೆನಪಾದರೆ ಈಗಲೂ ಹೆಗಲು ಜಗ್ಗಿದಂತಾಗುತ್ತದೆ.

ಆ ದಿನ ನನಗೆ ಫ.ಗು. ಹಳಕಟ್ಟಿಯವರು ನೆನಪಾದರು. ಪ್ರತಿ ವರ್ಷ ಜುಲೈ 2ರಂದು ಅವರ ಜಯಂತಿಗೆ ನಾನೇ ಭಾಷಣ ಮಾಡುತ್ತಿದ್ದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಕಾನೂನು ಓದಿದರು, ವಿಜಯಪುರದಲ್ಲಿ ವಕೀಲಿ ಮಾಡಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತೆಗೆದರು. ಇದನ್ನು ಬಾಯಿಪಾಠ ಒಪ್ಪಿಸಿ ಪೇಢೆ ಹಂಚಿ ಮುಗಿಸುತ್ತಿದ್ದೆ. ಅವರು ನಿಜವಾಗಿ ಮಾಡಿದ್ದೇನು ಎಂಬುದು ಗೆದ್ದಲು ತಿಂದ ರಟ್ಟು ಕೈಯಲ್ಲಿ ಹಿಡಿದಾಗ ತಿಳಿಯಿತು.

ಅವರು ಊರೂರು ತಿರುಗಿದ ಕಾಲದಲ್ಲಿ ತಾಡೋಲೆಯ ಕಟ್ಟುಗಳು ಇರಲಿಲ್ಲವೆಂದಲ್ಲ. ಮಠಗಳಲ್ಲಿದ್ದವು, ಮನೆಗಳ ಜಗಲಿಯ ಮೇಲಿದ್ದವು. ವಿಭೂತಿ ಹಚ್ಚಿ, ಹೂವು ಏರಿಸಿ, ಊದಿನಕಡ್ಡಿ ಬೆಳಗಿ ಮತ್ತೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಬಿಚ್ಚಿ ಓದುವವರು ವಿರಳ. ಹುಳ ತಿನ್ನುತ್ತಿತ್ತು, ಗರಿ ಮುರಿಯುತ್ತಿತ್ತು. ಹಳಕಟ್ಟಿಯವರು ಆ ಕಟ್ಟುಗಳನ್ನು ಬಿಚ್ಚಿಸಿ, ಪ್ರತಿ ಮಾಡಿ, ಅಚ್ಚಿಗೆ ಕೊಟ್ಟರು. ಅಚ್ಚಿನ ಮೊಳೆಗಾಗಿ ಇದ್ದ ಮನೆ ಮಾರಿದರು. ಪೂಜೆಗೆ ಕುಳಿತಿದ್ದ ಮಾತನ್ನು ಓದುವವನ ಕೈಗೆ ಇಳಿಸಿದರು. ಹಾಗೆ ಕೈಗಿಳಿದದ್ದನ್ನು ನಾನು ಆರು ವರ್ಷ ಕಬ್ಬಿಣದ ಜಗಲಿಯ ಮೇಲೆ ಕೂಡಿಸಿದ್ದೆ. ಹೂವು ಒಂದು ಏರಿಸಿರಲಿಲ್ಲ, ಅಷ್ಟೇ.

ಮರುವಾರವೇ ಕಪಾಟುಗಳನ್ನು ವರಾಂಡಕ್ಕೆ ತರಿಸಿದೆ. ಆದರೆ ಕೀಲಿ ತೆಗೆದ ಕೂಡಲೇ ಮಕ್ಕಳು ಮುಗಿಬಿದ್ದು ಓದಿದರು ಎಂದು ನೀವು ತಿಳಿಯಬೇಡಿ. ಅದು ಭಾಷಣದಲ್ಲಿ ಆಗುವ ಮಾತು. ಮೊದಲ ತಿಂಗಳು ಯಾರೂ ಹತ್ತಿರ ಬರಲಿಲ್ಲ. ಪುಸ್ತಕ ಮುಟ್ಟಿದರೆ ಬೈಯುತ್ತಾರೆ ಎಂದು ಅವರಿಗೆ ನಾನೇ ಕಲಿಸಿದ್ದೆನಲ್ಲ.

ಹಳ್ಳಿಯ ಹುಡುಗರಿಗೆ ವರ್ಷವೆಂದರೆ ಮಳೆ, ಹಬ್ಬ, ಸುಗ್ಗಿ, ಬೇಸಿಗೆ. ಜೂನಿನಲ್ಲಿ ಬಿತ್ತನೆಯಿದ್ದರೆ ಅರ್ಧ ತರಗತಿ ಖಾಲಿ. ಆದ್ದರಿಂದ ಓದನ್ನೂ ಆ ಗಾಲಿಗೇ ಕಟ್ಟೋಣ ಎಂದುಕೊಂಡೆ. ವರಾಂಡದ ಕರಿಹಲಗೆಯ ಮೇಲೆ ಆ ವಾರದ ಇತಿಹಾಸದ ಒಂದು ಸಂಗತಿ ಬರೆಯುವುದು, ಅದರ ಕೆಳಗಿನ ಮೇಜಿನ ಮೇಲೆ ಆ ಸಂಗತಿಗೆ ಸೇರಿದ ನಾಲ್ಕಾರು ಪುಸ್ತಕ ಹರವಿಡುವುದು. ಬೇಕಾದವರು ಒಯ್ಯಲಿ.

ಶ್ರಾವಣ ನನಗೆ ಕೈಹಿಡಿಯಿತು. ಸಂಜೆ ಮಠದಲ್ಲಿ ಪ್ರವಚನ, ಅಜ್ಜಿಯರ ಜೊತೆ ಮೊಮ್ಮಕ್ಕಳೂ ಬರುತ್ತಾರೆ. ಪ್ರವಚನದಲ್ಲಿ ಕೇಳಿದ ಶರಣರ ಕಥೆಯನ್ನೇ ಸಣ್ಣ ಪುಸ್ತಕದಲ್ಲಿ ಕಂಡ ಐದನೆಯ ಇಯತ್ತೆಯ ಹುಡುಗನೊಬ್ಬ, ‘ಸರ, ಇದನ್ನ ಮನಿಗೆ ಒಯ್ಲೇನ್ರಿ? ನಮ್ಮ ಆಯಿಗೆ ಓದಾಕ ಬರೂದಿಲ್ಲ, ಓದಿ ಹೇಳ್ತೀನಿ’ ಎಂದ. ಅವನು ಕೊಟ್ಟುಹೋದ ಮೇಲೆ ನಾನು ಕೇಳಿದೆ, ಯಾರು ಯಾರು ಕೇಳಿದರು ಎಂದು. ಆಯಿ, ಪಕ್ಕದ ಮನೆಯ ಇಬ್ಬರು ಮುದುಕಿಯರು, ರೊಟ್ಟಿ ಬಡಿಯುತ್ತಿದ್ದ ತಾಯಿ. ಅಂದಿನಿಂದ ನನ್ನ ರಜಿಸ್ಟರಿನಲ್ಲಿ ಸರಕಾರಿ ನಮೂನೆಯಲ್ಲಿಲ್ಲದ ಒಂದು ಖಾನೆ ಸೇರಿತು: ‘ಮನೆಯಲ್ಲಿ ಕೇಳಿದವರು’. ತಪಾಸಣೆಯಲ್ಲಿ ಅದರ ಬಗ್ಗೆ ಇಲ್ಲಿಯವರೆಗೆ ಯಾರೂ ಪ್ರಶ್ನೆ ಮಾಡಿಲ್ಲ. ಓದಿಯೂ ಇಲ್ಲ ಎಂದು ಕಾಣುತ್ತದೆ.

ಆಗಸ್ಟ್ 12 ಗ್ರಂಥಪಾಲಕರ ದಿನ, ಎಸ್.ಆರ್. ರಂಗನಾಥನ್ ಅವರ ಹೆಸರಿನಲ್ಲಿ. ಅವರ ಕಥೆ ನನಗೆ ಹತ್ತಿರದ್ದು. ಮದ್ರಾಸಿನಲ್ಲಿ ಗಣಿತ ಕಲಿಸುತ್ತಿದ್ದವರು. 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಸೇರಿದ ಹೊಸದರಲ್ಲಿ ಆ ಏಕಾಂತ ತಡೆಯಲಾಗದೆ, ನನ್ನನ್ನು ಮತ್ತೆ ಪಾಠಕ್ಕೇ ಕಳುಹಿಸಿ ಎಂದು ಕೇಳಿಕೊಂಡರಂತೆ. ಅವರನ್ನು ಲಂಡನ್ನಿಗೆ ಕಳುಹಿಸಲಾಯಿತು. ಅಲ್ಲಿಯ ಗ್ರಂಥಾಲಯಗಳಲ್ಲಿ ಮಕ್ಕಳು, ಕೂಲಿಯವರು, ಹೆಂಗಸರು ಬಂದು ಪುಸ್ತಕ ಒಯ್ಯುವುದನ್ನು ಕಂಡು ಬಂದವರು ಮತ್ತೆ ಗಣಿತದ ಕಡೆ ತಿರುಗಲಿಲ್ಲ. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದರ ತಾತ್ಪರ್ಯ ಇಷ್ಟು: ಪುಸ್ತಕ ಇರುವುದು ಬಳಸುವುದಕ್ಕೆ, ಕಾಯುವುದಕ್ಕಲ್ಲ. ಯುರೋಪಿನ ಹಳೆಯ ಮಠಗಳಲ್ಲಿ, ಇಗರ್ಜಿಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಹಲಗೆಗೆ ಬಿಗಿಯುತ್ತಿದ್ದರು. ಕಳುವಿನ ಅಂಜಿಕೆ. ಇದನ್ನು ಮಕ್ಕಳಿಗೆ ಹೇಳಿದಾಗ ಅವರು ನಕ್ಕರು, ನಾನು ನಗಲಿಲ್ಲ. ಆ ಸರಪಳಿಯ ಪುಸ್ತಕವನ್ನು ನಿಂತಲ್ಲೇ ಓದಬಹುದಿತ್ತು. ನನ್ನ ಕಪಾಟಿನದನ್ನು ಅಷ್ಟೂ ಓದುವಂತಿರಲಿಲ್ಲ. ರಂಗನಾಥನ್ ಕೊನೆಗೆ ನಮ್ಮ ಬೆಂಗಳೂರಿನಲ್ಲಿಯೇ ನೆಲೆ ನಿಂತರು, 1962ರಲ್ಲಿ ಅಲ್ಲಿ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಇನ್ನು ಅಕ್ಟೋಬರ್. 23ಕ್ಕೆ ಕಿತ್ತೂರಿನ ವಿಜಯ. 1824ರಲ್ಲಿ ಆ ದಿನ ಕಿತ್ತೂರಿನವರ ಗುಂಡಿಗೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ. ಇದು ನಮ್ಮ ಭಾಗದ ಯಾವ ಮಗುವನ್ನು ಎಬ್ಬಿಸಿ ಕೇಳಿದರೂ ಹೇಳುವ ಮಾತು. ಮೇಜಿನ ಮೇಲೆ ಚನ್ನಮ್ಮನ ಮೇಲಿನ ಮೂರು ಪುಸ್ತಕ ಇಟ್ಟಿದ್ದೆ. ಒಂದು ಚಿತ್ರದ ಪುಸ್ತಕ, ಎರಡು ದೊಡ್ಡವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡನ್ನು ಒಯ್ದಿದ್ದಳು. ನಾಲ್ಕನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ‘ಸರ, ಈ ಪುಸ್ತಕದಾಗ ಚನ್ನಮ್ಮ ಗೆದ್ದಾಳ. ಇದರಾಗ ಸೋತಾಳ. ಯಾವುದು ಖರೆ?’

ಇಪ್ಪತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಕಲಿಸಿದ್ದೇನೆ. ಎಷ್ಟು ಅಂಕಕ್ಕೆ ಬರುತ್ತದೆ, ಎಷ್ಟು ಸಾಲು ಬರೆಯಬೇಕು ಎಂಬ ಪ್ರಶ್ನೆಗಳನ್ನು ಲೆಕ್ಕವಿಲ್ಲದಷ್ಟು ಕೇಳಿಸಿಕೊಂಡಿದ್ದೇನೆ. ಯಾವುದು ಖರೆ ಎಂದು ಕೇಳಿದವಳು ಅವಳೇ ಮೊದಲು. ಇಬ್ಬರೂ ಕುಳಿತು ಎರಡೂ ಪುಸ್ತಕ ತೆರೆದೆವು. ತಪ್ಪು ಯಾವುದರಲ್ಲಿಯೂ ಇರಲಿಲ್ಲ. ಚಿತ್ರದ ಪುಸ್ತಕ ಅಕ್ಟೋಬರಿನಲ್ಲಿಯೇ ಮುಗಿದಿತ್ತು. ಕೋಟೆಯ ಮೇಲೆ ನಿಶಾನೆ, ಕುದುರೆಯ ಮೇಲೆ ರಾಣಿ. ಇನ್ನೊಂದು ಡಿಸೆಂಬರಿಗೆ ನಡೆದಿತ್ತು. ಕುಂಪಣಿಯವರು ದೊಡ್ಡ ದಂಡು, ತೋಪು ತೆಗೆದುಕೊಂಡು ಮರಳಿ ಬಂದರು. ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದಳು. ಸಂಗೊಳ್ಳಿ ರಾಯಣ್ಣ ಹಟ ಬಿಡದೆ ಕಾದಾಡಿ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ. ‘ಎರಡೂ ಖರೆ ಐತಿ. ಒಂದು ಪುಸ್ತಕ ಲಗೂನ ಮುಚ್ಚೇತಿ’ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ನಾಕು ವರ್ಷ ಸೆರಿಮನ್ಯಾಗ ಆಕಿ ಏನ್ ಮಾಡ್ತಿದ್ಲು?’ ಎಂದಳು. ನನಗೆ ಉತ್ತರ ಬರಲಿಲ್ಲ. ಮೂರನೆಯ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ.

ಸಹೋದ್ಯೋಗಿಯೊಬ್ಬರು ಆಕ್ಷೇಪಣೆ ಮಾಡಿದರು. ಮಕ್ಕಳಿಗೆ ಸೋಲಿನ ಕಥೆ ಯಾಕೆ, ಗೆಲುವಿನ ಪುಟದಲ್ಲಿ ನಿಲ್ಲಿಸಿದರೆ ಹುಮ್ಮಸ್ಸು ಬರುತ್ತದೆ ಎಂದು. ಅವರ ಕಳಕಳಿ ನನಗೆ ತಿಳಿಯುತ್ತದೆ, ಆದರೂ ಒಪ್ಪಲಾರೆ. ಹಾಗೆ ಬೇಗ ಮುಚ್ಚಿದ ಪುಸ್ತಕಗಳು ನಮ್ಮಲ್ಲೂ ಇವೆ. ಕಲ್ಯಾಣದ ಕಥೆಯನ್ನು ನಾವು ಅನುಭವ ಮಂಟಪದ ಚಿತ್ರಪಟದ ಹತ್ತಿರ ತಂದು ನಿಲ್ಲಿಸಿಬಿಡುತ್ತೇವೆ. ಅದು ಇತ್ತೀಚಿನ ಕಲಾವಿದರು ಬರೆದದ್ದು ಎಂಬುದು ಕೂಡ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ, ಫೋಟೋ ಎಂದೇ ತಿಳಿದಿದ್ದಾರೆ. ಮುಂದೆ ಶಿಕ್ಷೆಯಾದದ್ದು, ಶರಣರು ಚೆದುರಿದ್ದು, ವಚನದ ಕಟ್ಟು ಹೊತ್ತು ಉಳವಿಯ ಕಡೆ ನಡೆದದ್ದು ನಮ್ಮ ಪರಂಪರೆ ಹೇಳುವ ಕಥೆಯೇ. ಅದನ್ನು ಕೇಳಿದ ಮಗುವಿಗೆ ತಾನೆ ಆ ಕಟ್ಟು ಎಷ್ಟು ಭಾರ ಎಂದು ತಿಳಿಯುವುದು?

ನವೆಂಬರಿನಲ್ಲಿ ರಾಜ್ಯೋತ್ಸವ, 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಭಾಷಣ, ಬಹುಮಾನ, ಎಲ್ಲ ಶಾಲೆಗಳಲ್ಲಿ ನಡೆಯುವಂಥದ್ದೇ. ನಾವು ಮಾತ್ರ ಒಂದು ಹಳೆಯ ನಕಾಶೆ ತೂಗುಹಾಕುತ್ತೇವೆ, 1956ಕ್ಕಿಂತ ಮುಂಚಿನದು. ನಮ್ಮೂರು ಮುಂಬೈ ಪ್ರಾಂತದಲ್ಲಿತ್ತು ಎಂದು ನೋಡಿ ಮಕ್ಕಳು ಬೆರಗಾಗುತ್ತಾರೆ. ಮರಾಠಿ ಶಾಲೆಗಳೇ ನಡೆಯುತ್ತಿದ್ದ ಈ ನೆಲದಲ್ಲಿ ಕನ್ನಡ ಶಾಲೆ ತೆರೆಯಿಸಲು ಡೆಪ್ಯುಟಿ ಚನ್ನಬಸಪ್ಪನವರು ಪಟ್ಟ ಪಾಡು ಆಗ ಅವರಿಗೆ ಕಥೆಯಾಗಿ ಇಳಿಯುತ್ತದೆ. ಅದಕ್ಕೂ ಮುಂಚೆ ಶಾಲೆಗೆ ನಮ್ಮ ಹಿರಿಯರು ಕರೆಯುತ್ತಿದ್ದದ್ದು ಮಠ ಎಂದೇ. ಕೂಲಿಮಠ. ಅಯ್ಯನವರು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಈ ಮಾತನ್ನು ಸ್ವಲ್ಪ ನೆನಪಿಡಿ, ಕೊನೆಗೆ ಬೇಕಾಗುತ್ತದೆ. ಜನವರಿ 3ಕ್ಕೆ ಸಾವಿತ್ರಿಬಾಯಿ ಫುಲೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದಾಕೆಯ ಚರಿತ್ರೆ ನಮ್ಮ ಹುಡುಗಿಯರ ಕೈಯಲ್ಲಿ ತಿರುಗಿ ತಿರುಗಿ ಎರಡು ಸಲ ಹೊಲಿಗೆ ಹಾಕಿಸಿಕೊಂಡಿದೆ.

ಇಷ್ಟೆಲ್ಲ ಆದ ಮೇಲೆ ಮಾರ್ಚ್ ಬರುತ್ತದೆ. ನಾನು ಇಂದು ಬಂದದ್ದು ಅದಕ್ಕಾಗಿ.

ಮಾರ್ಚಿನಲ್ಲಿ ಪರೀಕ್ಷೆ, ವರ್ಷದ ಕೊನೆ, ದಾಸ್ತಾನು ಎಣಿಕೆ. ಕೊಟ್ಟ ಪುಸ್ತಕವೆಲ್ಲ ವಾಪಸು ತರಿಸಬೇಕು. ಏಪ್ರಿಲ್ ಎರಡನೆಯ ವಾರದಿಂದ ಮೇ ಮುಗಿಯುವವರೆಗೆ ಕಪಾಟಿಗೆ ಕೀಲಿ. ವರ್ಷವಿಡೀ ಹೋಂವರ್ಕಿನಲ್ಲಿ ಬಿಡುವಿಲ್ಲದ ಹುಡುಗನಿಗೆ ಬಿಡುವು ಸಿಗುವುದು ಆ ಏಳೆಂಟು ವಾರ. ಹೊಲದಲ್ಲಿ ಕೆಲಸವಿಲ್ಲ, ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಆಗ ಅವನ ಕೈಯಲ್ಲಿ ಮೊಬೈಲು, ನಮ್ಮ ಕಪಾಟಿಗೆ ಕೀಲಿ. ನಾವು ಕೆರೆ ತುಂಬಿದಾಗ ತೂಬು ತೆಗೆದು ಬೇಸಿಗೆಯಲ್ಲಿ ಮುಚ್ಚುತ್ತೇವೆ.

ಒಂದು ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗನೊಬ್ಬ ಹಕ್ಕಿಗಳ ಪುಸ್ತಕ ಒಯ್ದಿದ್ದ. ಶಿವರಾತ್ರಿ ಮುಗಿದ ಮೇಲೆ ಒಂದು ದಿನ ಅವನ ಮನೆಗೆ ಬೀಗ. ಗೋವೆಗೆ ಗುಳೆ ಹೋಗಿದ್ದರು. ರಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ‘ಬಾಕಿ’ ಎಂದು ಕೆಂಪು ಮಸಿಯಲ್ಲಿ ಬರೆದೆ. ಜೂನಿಗೆ ಅವನು ಬರಲಿಲ್ಲ. ಪುಸ್ತಕದ ಬೆಲೆ ನಾನು ಕಟ್ಟಿದೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರೆದುರು, ‘ಕದ್ದುಕೊಂಡು ಹೋದ’ ಎಂದು ಬಾಯಿ ಬಿಟ್ಟು ಅಂದೆ.

ಆಗಸ್ಟಿನಲ್ಲಿ ಬಂದ. ಸಿಮೆಂಟ್ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ರಟ್ಟು ಹೋಗಿತ್ತು, ಪುಟ ಒಂದೂ ಹೋಗಿರಲಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದ, ಯಾವ ಹಕ್ಕಿಯನ್ನು ಅಲ್ಲಿ ಕಂಡೆ ಎಂದು. ಕೆಲವಕ್ಕೆ ನಮ್ಮ ಕಡೆಯ ಹೆಸರನ್ನೂ ಬರೆದಿದ್ದ, ಪುಸ್ತಕದಲ್ಲಿ ಇಲ್ಲದ ಹೆಸರು. ‘ಅಲ್ಲಿ ಇದೊಂದ ಇತ್ರಿ ಸರ. ನಾಕ ಸಲ ಓದೀನ್ರಿ’ ಎಂದ. ನಾನು ಕೆಂಪು ಮಸಿಯ ಮೇಲೆ ಗೀಟು ಎಳೆದೆ. ಸ್ಟಾಫ್ ರೂಮಿನಲ್ಲಿ ಅಂದ ಮಾತಿನ ಮೇಲೆ ಹೇಗೆ ಎಳೆಯುವುದು? ಅಂದು ಅಲ್ಲಿದ್ದ ನಾಲ್ವರಲ್ಲಿ ಇಬ್ಬರು ಆಗಲೇ ವರ್ಗವಾಗಿ ಹೋಗಿದ್ದರು.

ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಬೆಲೆ ಕಟ್ಟಿದ್ದೇನಲ್ಲ, ಈಗ ನನ್ನದೇ.

ಈಗ ಕೂಲಿಮಠದ ಮಾತಿಗೆ ಬರುತ್ತೇನೆ. ಪೂಜ್ಯರ ಮುಂದೆ, ಊರಿನ ಹಿರಿಯರ ಮುಂದೆ ನನ್ನ ಬೇಡಿಕೆ ದೊಡ್ಡದಲ್ಲ. ಬೇಸಿಗೆಯ ಎರಡು ತಿಂಗಳು ಶಾಲೆಯ ಪುಸ್ತಕಗಳು ಮಠದ ಪಡಸಾಲೆಯಲ್ಲಿ ಇರಲಿ. ದಾಸ್ತಾನು ಎಣಿಕೆ ಮುಗಿದ ಮರುದಿನ ಎರಡು ಟ್ರಂಕು ತುಂಬಿ, ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ತಂದಿಡುತ್ತೇವೆ. ಮುಖ್ಯ ಗುರುಗಳು, ಶಾಲಾಭಿವೃದ್ಧಿ ಸಮಿತಿಯವರು ಒಪ್ಪಿದ್ದಾರೆ. ಪಂಚಾಯತಿಯ ಅರಿವು ಕೇಂದ್ರ ಇದೆಯಲ್ಲ ಎಂದು ಕೇಳಬಹುದು. ಇದೆ, ಮಕ್ಕಳಿಗೆ ಸದಸ್ಯತ್ವವೂ ಉಚಿತ. ಮನೆ ಕಂದಾಯದ ಜೊತೆಗೆ ಗ್ರಂಥಾಲಯದ ಕರ ಕಟ್ಟುವವರು ನೀವೇ, ಅಲ್ಲಿಗೂ ಅವಶ್ಯವಾಗಿ ಕಳುಹಿಸಿ. ಆದರೆ ಅದು ಇರುವುದು ಪಂಚಾಯತಿಯ ಊರಲ್ಲಿ, ನಮ್ಮಿಂದ ಮೂರು ಕಿಲೋಮೀಟರು. ಏಪ್ರಿಲ್ ಬಿಸಿಲಿನಲ್ಲಿ ಸಣ್ಣ ಮಕ್ಕಳು ಅಷ್ಟು ದೂರ ನಡೆಯಲಾರರು.

ಮೊನ್ನೆ ಈ ವಿಚಾರ ಮಾತಾಡುವಾಗ ಹಿರಿಯರೊಬ್ಬರು, ಮಠದಲ್ಲಿ ಇಡುವುದಾದರೆ ಧರ್ಮದ ಪುಸ್ತಕ ಮಾತ್ರ ಇರಲಿ ಎಂದರು. ಅವರು ಇಲ್ಲಿಯೇ ಕುಳಿತಿದ್ದಾರೆ, ಕೋಪ ಮಾಡಬಾರದು. ಹಕ್ಕಿಯ ಪುಸ್ತಕ, ಚನ್ನಮ್ಮ, ಸಾವಿತ್ರಿಬಾಯಿ, ನಕಾಶೆ, ವಿಜ್ಞಾನ ಎಲ್ಲವೂ ಬರುತ್ತವೆ. ಊರಿನ ಎಲ್ಲ ಓಣಿಗಳ ಮಕ್ಕಳೂ ಬರುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಯಾರ ಓಣಿ ಯಾವುದು ಎಂದು ಕೇಳದ ಮಠದಲ್ಲಿ ಪುಸ್ತಕಕ್ಕೂ ಕೇಳಬಾರದು. ಇದಕ್ಕೆ ಪೂಜ್ಯರ ಒಪ್ಪಿಗೆಯನ್ನು ನಾನು ಮೊದಲೇ ಪಡೆದಿದ್ದೇನೆ.

ಇನ್ನೊಂದು ಮಾತು. ಕೆಲವು ಪುಸ್ತಕ ಹೋಗಿಯೇ ಹೋಗುತ್ತವೆ. ಮಳೆಯಲ್ಲಿ ತೋಯುತ್ತವೆ, ಎಮ್ಮೆ ತಿನ್ನುತ್ತದೆ, ಗುಳೆ ಹೋಗುತ್ತವೆ. ಅದರ ಬೆಲೆ ಮಾಸ್ತರನ ತಲೆಗೆ ಬಂದರೆ ಮುಂದೆ ನನ್ನ ಜಾಗಕ್ಕೆ ಬರುವವನು ಮತ್ತೆ ಕೀಲಿ ಹಾಕುತ್ತಾನೆ. ನಾನು ಹಾಕಿದ್ದೆನಲ್ಲ. ಜಾತ್ರೆಯ ಲೆಕ್ಕದಲ್ಲಿ ಉಳಿದ ಹಣದಲ್ಲಿ ಸ್ವಲ್ಪವನ್ನು ಕಳೆದ ಪುಸ್ತಕಗಳಿಗೆಂದು ತೆಗೆದಿಡಿ. ಪಡಸಾಲೆಯಲ್ಲಿ ಕೂತು ಹೆಸರು ಬರೆದುಕೊಳ್ಳಲು ಒಬ್ಬಳು ಸಿಕ್ಕಿದ್ದಾಳೆ. ಅಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಯಾವುದು ಖರೆ ಎಂದು ಕೇಳಿದವಳೇ. ಈಗ ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ, ಸೂಟಿಗೆ ಊರಿಗೆ ಬರುತ್ತಾಳೆ. ಸಂಜೆ ನಾಲ್ಕರಿಂದ ಆರು, ಸೋಮವಾರ ರಜೆ.

ಮೊದಲ ಟ್ರಂಕಿನಲ್ಲಿ ಏನೇನು ಇರುತ್ತದೆ ಎಂಬ ಪಟ್ಟಿ ಮಠದ ಕಾರ್ಯದರ್ಶಿಗಳ ಹತ್ತಿರ ಕೊಟ್ಟಿದ್ದೇನೆ. ಮಕ್ಕಳು ಪ್ರಸಾದ ಮುಗಿಸಿ, ಕೈ ತೊಳೆದುಕೊಂಡು ಬಂದು ಹೆಸರು ಬರೆಸಬೇಕು. ಹಿಂದಿನ ಸಾಲಿನವರು ಕೂಡ.